ಕಾರ್ಟನ್ನಿನ ಮೇಲೆ 300, ಆರಿದ್ರಾ ಮಳೆಯಲ್ಲಿ 13

ತೋಟದ ಕ್ಯಾಮೆರಾ ಚಿತ್ರವನ್ನು ಮನೆಗೆ ತರಲು ಕೊಂಡ ವೈರ್‌ಲೆಸ್ ಪೆಟ್ಟಿಗೆಯ ಕಾರ್ಟನ್ನಿನ ಮೇಲೆ ದಪ್ಪ ಅಕ್ಷರಗಳಲ್ಲಿ 300 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 300 ಮೆಗಾಬಿಟ್ ವೇಗ, ಎಂದು ಅಚ್ಚು ಹಾಕಿದ್ದಾರೆ. ಸಂತೇಬೆನ್ನೂರಿನ ನಮ್ಮ ತಾರಸಿಯಿಂದ ಭಾವನವರ ಅಡಿಕೆ ತೋಟದ ಮೋಟಾರ್ ಶೆಡ್ಡಿಗೆ ಸುಮಾರು ಎರಡು ಕಿಲೋಮೀಟರ್ ದೂರ. ಆ ದೂರದಲ್ಲಿ 300 ಎಂಬ ಅಂಕಿ ನನಗೆ ಒಂದು ದಿನವೂ ಕಂಡಿಲ್ಲ. ಅದಕ್ಕಾಗಿ ನಾನು ಒಂದು ನಕ್ಷತ್ರವನ್ನೂ ಕಡಿಮೆ ಮಾಡುತ್ತಿಲ್ಲ. ಆರಿದ್ರಾ ಮಳೆಯ ಗಾಳಿಗೆ ಸೋಗೆಗಳು ಹುಚ್ಚೆದ್ದು ಕುಣಿಯುತ್ತಿದ್ದಾಗ ಇದೇ ಪೆಟ್ಟಿಗೆ ತಾನಾಗಿ 13ಕ್ಕೆ ಇಳಿದು, ಎರಡು ಕ್ಯಾಮೆರಾಗಳ ಚಿತ್ರವನ್ನು ಕಡಿಯದೆ ಮನೆಗೆ ತಲುಪಿಸಿತು. ನಾಲ್ಕು ನಕ್ಷತ್ರ ಕೊಡುತ್ತಿರುವುದು ಅದಕ್ಕೆ. ಐದನೆಯದು ಕೈತಪ್ಪಿದ್ದು ಇಳಿದದ್ದಕ್ಕಲ್ಲ, ಮತ್ತೆ ಏರಲು ಅದು ಮಾಡುವ ಜಿಪುಣತನಕ್ಕೆ.

ಕೊಂಡದ್ದು ಏನೆಂದು ಮೊದಲು ಹೇಳಿಬಿಡುತ್ತೇನೆ. 5 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ, ಬಯಲಿನಲ್ಲಿ ಕಂಬಕ್ಕೆ ಕಟ್ಟುವ ಒಂದು ಜೋಡಿ ವೈರ್‌ಲೆಸ್ ಪೆಟ್ಟಿಗೆ. ಒಳಗೆ 16 ಡೆಸಿಬಲ್ ಗಳಿಕೆಯ ಚಪ್ಪಟೆ ಆಂಟೆನಾ; ಅಡ್ಡ ಮತ್ತು ಲಂಬ ಎರಡು ಧ್ರುವಗಳಲ್ಲಿ, ಅಂದರೆ ಅಲೆ ಕಂಪಿಸುವ ಎರಡು ದಿಕ್ಕುಗಳಲ್ಲಿ, ಎರಡು ದಾರಿ; ನೆಟ್‌ವರ್ಕ್ ಕೇಬಲ್ಲಿನಲ್ಲಿಯೇ 24 ವೋಲ್ಟ್ ವಿದ್ಯುತ್ತು. ದಾವಣಗೆರೆಯ ಪಿ.ಬಿ. ರಸ್ತೆಯ ಕಡೆಯ ಅಂಗಡಿಯೊಂದರಲ್ಲಿ ಜೋಡಿಗೆ ಹತ್ತು ಸಾವಿರದ ಒಳಗೇ ಸಿಕ್ಕಿತು. ಹೆಸರು ಬೇಕೆಂದೇ ಬರೆಯುತ್ತಿಲ್ಲ. ಈ ಬೆಲೆಯಲ್ಲಿ ನಾಲ್ಕಾರು ಕಂಪನಿಗಳ ಪೆಟ್ಟಿಗೆಗಳು ಒಂದೇ ತೆರನಾಗಿ ಕೆಲಸ ಮಾಡುತ್ತವೆ. ಯಾವುದನ್ನು ಕೊಂಡರೂ ನೋಡಬೇಕಾದ ಗುಣಗಳು ಇವೇ.

ನನ್ನ ಕಸುಬು ಮೋಟಾರ್ ವೈಂಡಿಂಗ್. ಡಿಪ್ಲೊಮಾದಲ್ಲಿ ಓದಿದ್ದು ಎಲೆಕ್ಟ್ರಾನಿಕ್ಸ್, ಅನ್ನ ಹಾಕಿದ್ದು ಸುಟ್ಟುಹೋದ ಸಬ್‌ಮರ್ಸಿಬಲ್ ಮೋಟಾರುಗಳು. ಹಾಗಾಗಿ ಊರಿನಲ್ಲಿ ತಂತಿ ಇರುವ ಯಾವ ವಸ್ತು ಕೆಟ್ಟರೂ ನನ್ನ ಅಂಗಡಿಯ ಕಟ್ಟೆಯ ಮೇಲೆ ಬಂದು ಕೂರುತ್ತದೆ. ಈಗ ತಂತಿ ಇಲ್ಲದವೂ ಬರುತ್ತಿವೆ. ಭಾವನವರಿಗೆ ಬೇಕಿದ್ದದ್ದು ಹೆಚ್ಚೇನಲ್ಲ. ಬೇಯಿಸಿದ ಅಡಿಕೆಯನ್ನು ಒಣಗಲು ಹರಡುವ ಅಂಗಳದ ಮೇಲೆ ಒಂದು ಕ್ಯಾಮೆರಾ, ಶೆಡ್ಡಿನ ಬಾಗಿಲಿಗೆ ಒಂದು, ಜೊತೆಗೆ ಸ್ಟಾರ್ಟರಿನ ಸ್ಥಿತಿ ತಿಳಿಸುವ ಸಣ್ಣ ಬೋರ್ಡು. ರಾಶಿ ಅಡಿಕೆಯ ಧಾರಣೆ ಏರಿದರೆ ಖೇಣಿದಾರರು ಮಾತ್ರವೇ ತೋಟದ ಕಡೆ ಬರುವುದಿಲ್ಲ, ರಾತ್ರಿಯ ಗಿರಾಕಿಗಳೂ ಬರುತ್ತಾರೆ. ಎರಡು ಕ್ಯಾಮೆರಾ ಸೇರಿ 6 ರಿಂದ 8 ಎಂಬಿಪಿಎಸ್ ಬೇಡುತ್ತವೆ. ಬೋರ್ಡಿನ ಬೇಡಿಕೆ ಲೆಕ್ಕಕ್ಕೇ ಇಲ್ಲ. ಎಂದರೆ ಬೇಕಿರುವುದು 8, ಮಾರುತ್ತಿರುವುದು 300. ಆ ಅಂಕಿಗೆ ಮರುಳಾಗಿ ಕೊಳ್ಳಲು ಕಾರಣವೇ ಇಲ್ಲ.

‘ಸಿಮ್ ಹಾಕುವ ಕ್ಯಾಮೆರಾ ತಂದರೆ ಸಾಕಿತ್ತಲ್ಲ’ ಎಂದು ಕೇಳಿದವರು ಬಹಳ. ತೋಟ ತಗ್ಗಿನಲ್ಲಿದೆ, ಸುತ್ತ ಅಡಿಕೆ, ನಡುವೆ ತೆಂಗು. ಮೊಬೈಲ್ ಸಿಗ್ನಲ್ ಅಲ್ಲಿ ಅತಿಥಿಯಂತೆ ಬಂದು ಹೋಗುತ್ತದೆ. 4ಜಿ ಕೂಡ ಪರಿಸ್ಥಿತಿ ನೋಡಿಕೊಂಡು ವೇಗ ಬದಲಿಸುವ ಏರ್ಪಾಡೇ, ಅದೂ ಬಹಳ ಅಚ್ಚುಕಟ್ಟಾದದ್ದು. ಫೋನು ತನಗೆ ಗೋಪುರ ಎಷ್ಟು ಸ್ಪಷ್ಟವಾಗಿ ಕೇಳಿಸುತ್ತಿದೆ ಎಂದು 0 ರಿಂದ 15ರವರೆಗಿನ ಒಂದು ಅಂಕಿಯಲ್ಲಿ ಆಗಾಗ ವರದಿ ಒಪ್ಪಿಸುತ್ತದೆ. ಮಾಹಿತಿ ಹೋಗುವುದು ತುಂಡು ತುಂಡಾಗಿ, ಕಂತುಗಳಲ್ಲಿ; ನೂರಕ್ಕೆ ಹತ್ತು ಕಂತುಗಳಿಗಿಂತ ಹೆಚ್ಚು ಮೊದಲ ಸಲಕ್ಕೆ ಹಾಳಾಗದಂತಹ ವೇಗ ಯಾವುದೆಂದು ಆ ವರದಿಯಿಂದ ಲೆಕ್ಕ ಹಾಕಲಾಗುತ್ತದೆ. ಹಾಳಾದ ಕಂತನ್ನು ಗೋಪುರ ಮತ್ತೆ ಕಳಿಸುತ್ತದೆ. ಮಿಲಿಸೆಕೆಂಡಿಗೊಮ್ಮೆ ಈ ತೀರ್ಮಾನ ಬದಲಾಗಬಹುದು. ಹತ್ತರಲ್ಲಿ ಒಂದು ಹಾಳಾಗಲು ಬಿಡುವುದು ಅಸಡ್ಡೆಯಿಂದಲ್ಲ. ಒಂದೂ ಹಾಳಾಗಬಾರದೆಂದು ಹಟ ಹಿಡಿದರೆ ಸದಾ ಆಮೆಯ ನಡಿಗೆಯಲ್ಲೇ ಹೋಗಬೇಕಾಗುತ್ತದೆ. ಆದರೆ ನಮ್ಮ ತೋಟದಲ್ಲಿ ಆ ವರದಿಯ ಅಂಕಿ ಮೇಲೇಳುವುದೇ ಇಲ್ಲ. ಮೇಲೆ ತಿಂಗಳ ಡೇಟಾ ಖರ್ಚು ಬೇರೆ. ಆ ಮಾತು ಅಲ್ಲಿಗೇ ಮುಗಿಯಿತು.

ಕಟ್ಟುವ ಕೆಲಸಕ್ಕೆ ಅಂಗಡಿಯವರು ಒಬ್ಬ ಹುಡುಗನನ್ನು ಕಳಿಸಿದ್ದರು. ಚುರುಕಿನ ಹುಡುಗ, ಸರಸರನೆ ಕಂಬ ಏರಿದ. ಆದರೆ ಎರಡು ಪೆಟ್ಟಿಗೆಗಳೂ ಒಂದರ ಕಣ್ಣಿಗೆ ಒಂದು ಬಿದ್ದರೆ ಸಾಕು ಎಂಬುದು ಅವನ ಶಾಸ್ತ್ರ. ರೇಡಿಯೋಗೆ ಅಷ್ಟು ಸಾಲದು. ಎರಡು ಕಿಲೋಮೀಟರಿನ ದಾರಿಯಲ್ಲಿ 5.8 ಗಿಗಾಹರ್ಟ್ಸ್‌ನ ಅಲೆಗೆ ನಡುಮಧ್ಯದಲ್ಲಿ ಸುಮಾರು 5 ಮೀಟರ್ ತ್ರಿಜ್ಯದ ಬಯಲು ಬೇಕು. ಫ್ರೆನೆಲ್ ವಲಯ ಎನ್ನುವುದು ಅದನ್ನೇ. ಅದರಲ್ಲಿ ನೂರಕ್ಕೆ ಅರವತ್ತು ಭಾಗ, ಅಂದರೆ ನೇರ ರೇಖೆಯಿಂದ 3 ಮೀಟರ್, ಖಾಲಿ ಇದ್ದರೂ ಸಂಸಾರ ನಡೆಯುತ್ತದೆ. ನಡುವೆ ಇದ್ದದ್ದು ಪಕ್ಕದವರ ಅಡಿಕೆ ತೋಟ. ಇನ್ನೂ ಎಳೆಯ ಮರಗಳು, ವರ್ಷ ವರ್ಷ ಮೇಲೇರುವಂಥವು. ಆದ್ದರಿಂದ ಹುಡುಗ ತಂದಿದ್ದ ಕಂಬವನ್ನು ಬದಿಗಿಟ್ಟು, ಶೆಡ್ಡಿನ ಗೋಡೆಗೆ ಇನ್ನೂ ಉದ್ದದ ಜಿಐ ಪೈಪನ್ನು ಮೂರು ಕಡೆ ತಂತಿ ಬಿಗಿದು ನಿಲ್ಲಿಸಿದೆವು. ಅದು ಈಗ ಸಾಕಾಗಿದೆ. ಮರಗಳು ಬೆಳೆದ ಮೇಲೆ ಸಾಕಾಗುವುದಿಲ್ಲ ಎಂದು ಭಾವನವರಿಗೆ ಅವತ್ತೇ ಹೇಳಿಟ್ಟಿದ್ದೇನೆ.

ಸಿಗ್ನಲ್ ಎಷ್ಟು ಬರಬೇಕೆಂಬ ಲೆಕ್ಕವನ್ನು ಬಿಲ್ಲಿನ ಹಿಂಬದಿಯಲ್ಲೇ ಮಾಡಬಹುದು. ಎರಡು ಕಿಲೋಮೀಟರ್ ಬಯಲಿನಲ್ಲಿ ಈ ಅಲೆ ಕಳೆದುಕೊಳ್ಳುವುದು ಸುಮಾರು 114 ಡೆಸಿಬಲ್. ಕಳಿಸುವ ಶಕ್ತಿ 20 ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿ ಡೆಸಿಬಲ್‌ನಲ್ಲಿ ಹೇಳುವ ಅಳತೆ; ಮೈನಸ್ ಹೆಚ್ಚಿದಷ್ಟೂ ಸಿಗ್ನಲ್ ಕ್ಷೀಣ), ಎರಡೂ ತುದಿಯ ಆಂಟೆನಾಗಳಿಂದ 16 ಮತ್ತು 16. ಕೂಡಿ ಕಳೆದರೆ ಮೈನಸ್ 62. ನಮಗೆ ಮೈನಸ್ 64 ಬಂತು. ಪೈಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಕೂತರೆ ಇನ್ನೊಂದು ಡೆಸಿಬಲ್ ಸಿಗುತ್ತಿತ್ತೇನೋ, ಬಿಸಿಲು ಬಿಡಲಿಲ್ಲ. 20 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಗದ್ದಲದ ಮಟ್ಟ ಮೈನಸ್ 95ರ ಆಸುಪಾಸು. ಅಂದರೆ ಮಾತು ಗದ್ದಲಕ್ಕಿಂತ ಮೂವತ್ತು ಡೆಸಿಬಲ್ ಮೇಲಿದೆ. ಒಳ್ಳೆಯ ಹವೆಯಲ್ಲಿ ಇದು ಮೇಲ್ಮಟ್ಟದ ವೇಗಕ್ಕೆ ಸಾಕು.

ಇಲ್ಲಿ ಒಂದು ಸೆಟ್ಟಿಂಗಿನ ಬಗ್ಗೆ ಬರೆಯಲೇಬೇಕು, ಕಾರ್ಟನ್ನಿನೊಳಗಿನ ಚೀಟಿಯಲ್ಲಿ ಅದರ ಸುದ್ದಿಯೇ ಇಲ್ಲ. ಸೆಟ್ಟಿಂಗಿನ ಹೆಸರು ದೂರ. ಈ ಪೆಟ್ಟಿಗೆಗಳು ಮೂಲತಃ ವೈಫೈ ಕುಲದವು. ಒಂದು ಕಂತು ಕಳಿಸಿದ ಮೇಲೆ ಎದುರಿನವರಿಂದ ‘ಬಂತು’ ಎಂಬ ಪುಟ್ಟ ಉತ್ತರಕ್ಕೆ ಕಾಯುತ್ತವೆ. ಮನೆಯೊಳಗಿನ ದೂರಕ್ಕೆ ಹೊಂದಿಸಿದ ಕಾಯುವಿಕೆಯಲ್ಲಿ ಅಲೆ ಹೋಗಿ ಬರಲು ಬಿಟ್ಟಿರುವುದು ಕೆಲವೇ ಮೈಕ್ರೋಸೆಕೆಂಡು. ಬೆಳಕಿನ ವೇಗದಲ್ಲಿ ಹೋದರೂ ಎರಡು ಕಿಲೋಮೀಟರ್ ಹೋಗಿ ಬರಲು 13 ಮೈಕ್ರೋಸೆಕೆಂಡ್ ಬೇಕು. ದೂರವನ್ನು ತುಂಬದೆ ಬಿಟ್ಟರೆ ಉತ್ತರ ಬರುವ ಮೊದಲೇ ಪೆಟ್ಟಿಗೆ ತಾಳ್ಮೆಗೆಟ್ಟು ‘ಕಂತು ಕಳೆದುಹೋಯಿತು’ ಎಂದುಕೊಳ್ಳುತ್ತದೆ, ಮತ್ತೆ ಕಳಿಸುತ್ತದೆ, ಆಮೇಲೆ ವೇಗ ಇಳಿಸುತ್ತದೆ. ಸಿಗ್ನಲ್ ಮೈನಸ್ 64 ಎಂದು ತೋರಿಸುತ್ತಿದ್ದರೂ ವೇಗ ಪಾತಾಳದಲ್ಲಿರುತ್ತದೆ. ಹುಡುಗ ಆ ಖಾನೆಯನ್ನು ಮುಟ್ಟಿರಲಿಲ್ಲ. ‘ಅಣ್ಣಾ, ಕಂಬವನ್ನು ಇನ್ನೂ ಎತ್ತರಿಸಬೇಕು’ ಎಂದು ಪಟ್ಟು ಹಿಡಿದಿದ್ದ. ಖಾನೆಯಲ್ಲಿ ಎರಡೂವರೆ ಕಿಲೋಮೀಟರ್ ಎಂದು ತುಂಬಿದ ಕೂಡಲೇ ವೇಗ ತಾನಾಗಿ ಮೇಲೆದ್ದಿತು. ಯಾರದಾದರೂ ತೋಟದಲ್ಲಿ ಸಿಗ್ನಲ್ ಚೆನ್ನಾಗಿದ್ದೂ ಕ್ಯಾಮೆರಾದ ಚಿತ್ರ ನಿಂತು ನಿಂತು ಬರುತ್ತಿದೆ ಎಂದಾದರೆ ಮೊದಲು ಇದನ್ನು ನೋಡಿ.

ಇನ್ನು ಅಸಲು ವಿಷಯ. ಮಳೆ ಬಂದರೆ ಡಿಟಿಎಚ್ ಟಿವಿ ಮೊದಲು ಚೌಕಚೌಕವಾಗಿ ಒಡೆದು, ಆಮೇಲೆ ಪೂರ್ತಿ ನಿಂತುಹೋಗುವುದನ್ನು ಎಲ್ಲರೂ ನೋಡಿದ್ದಾರೆ. ಉಪಗ್ರಹವು ದೇಶದ ಎಲ್ಲ ಮನೆಗಳಿಗೂ ಒಂದೇ ಲಯದಲ್ಲಿ ಕಳಿಸುತ್ತದೆ. ಸಂತೇಬೆನ್ನೂರಿನ ಮೇಲೆ ಮೋಡ ಕವಿದಿದೆ ಎಂದು ಅದಕ್ಕೆ ತಿಳಿಸಲು ನಮ್ಮ ಡಿಶ್ಶಿಗೆ ಬಾಯಿಲ್ಲ. ತಿಳಿಸಿದರೂ ನಮ್ಮೊಬ್ಬರಿಗಾಗಿ ಅದು ನಿಧಾನಿಸಲಾರದು. ತೋಟದ ಪೆಟ್ಟಿಗೆಗೆ ಬಾಯಿದೆ. ಕಂತು ಮುಟ್ಟಿತೋ ಇಲ್ಲವೋ ಎಂಬ ಉತ್ತರವೇ ಆ ಬಾಯಿ. ಬೀಸುಗಾಳಿಯಲ್ಲಿ ಕಾಲುವೆಯ ಆಚೆ ದಡದಲ್ಲಿರುವ ಆಳನ್ನು ಕೂಗುವವನು ಏನು ಮಾಡುತ್ತಾನೋ ಪೆಟ್ಟಿಗೆಯೂ ಅದನ್ನೇ ಮಾಡುತ್ತದೆ: ಶಾಂತ ಹೊತ್ತಿನಲ್ಲಿ ಇಡೀ ದಿನದ ಕೆಲಸವನ್ನು ಒಂದೇ ಉಸಿರಿಗೆ ಹೇಳುತ್ತಾನೆ, ಗಾಳಿ ಎದ್ದರೆ ಒಂದೊಂದೇ ಮಾತನ್ನು ಎಳೆದು ಕೂಗಿ, ಅವನು ಕೈ ಎತ್ತಿದ ಮೇಲೆ ಮುಂದಿನದಕ್ಕೆ ಹೋಗುತ್ತಾನೆ.

ಪೆಟ್ಟಿಗೆಯ ಸೆಟ್ಟಿಂಗಿನ ಪುಟದಲ್ಲಿ ಈ ವೇಗದ ಆಯ್ಕೆ ಎಂಸಿಎಸ್ ಎಂಬ ಅಂಕಿಯಾಗಿ ಕಾಣುತ್ತದೆ, 0 ರಿಂದ 15. ತುದಿಯ 15ರಲ್ಲಿ 64 ಕ್ಯೂಎಎಂ, ಅಂದರೆ ಅಲೆಯ ಒಂದೊಂದು ಮಿಡಿತಕ್ಕೆ 64 ಬಗೆಯ ಆಕಾರಗಳು, ಒಂದೊಂದು ಆಕಾರಕ್ಕೆ 6 ಬಿಟ್. ಆ ಆಕಾರಗಳು ಒಂದಕ್ಕೊಂದು ಎಷ್ಟು ಹತ್ತಿರವೆಂದರೆ ಸ್ವಲ್ಪ ಗದ್ದಲ ಬೆರೆತರೂ ಒಂದು ಇನ್ನೊಂದರಂತೆ ಕಾಣುತ್ತದೆ. ತಪ್ಪು ತಿದ್ದಿಕೊಳ್ಳಲು ಇಟ್ಟ ಹೆಚ್ಚುವರಿ ಬಿಟ್ಟುಗಳು ಆರರಲ್ಲಿ ಒಂದು ಪಾಲು ಮಾತ್ರ. ಕೆಳತುದಿಯಲ್ಲಿ ಆಕಾರ ಎರಡೇ, ಅರ್ಧ ಬಿಟ್ಟುಗಳು ತಿದ್ದುಪಡಿಗೇ ಮೀಸಲು. ನಿಧಾನ, ಆದರೆ ಗದ್ದಲಕ್ಕೆ ಜಗ್ಗುವುದಿಲ್ಲ. ವೈಫೈ ಮಾನದಂಡವು 20 ಮೆಗಾಹರ್ಟ್ಸ್‌ನಲ್ಲಿ ಮೇಲಿನ ದರಕ್ಕೆ ಮೈನಸ್ 64 ಡಿಬಿಎಂ ಸಿಗ್ನಲನ್ನೂ ಕೆಳಗಿನ ದರಕ್ಕೆ ಮೈನಸ್ 82 ಅನ್ನೂ ಕನಿಷ್ಠ ಗೆರೆಯಾಗಿ ಇಟ್ಟಿದೆ. ಒಳ್ಳೆಯ ಪೆಟ್ಟಿಗೆಗಳು ಆ ಗೆರೆಯ ಕೆಳಗೂ ಕೇಳಿಸಿಕೊಳ್ಳುತ್ತವೆ. ಏನೇ ಆದರೂ ಎರಡರ ನಡುವಿನ 18 ಡೆಸಿಬಲ್ ಎಂದರೆ ಶಕ್ತಿಯಲ್ಲಿ ಅರವತ್ತು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ. ನಮ್ಮ ತೋಟದ ಇಡೀ ಮಳೆಗಾಲ ಆ ಹದಿನೆಂಟರ ಒಳಗೇ ಕಳೆದುಹೋಗುತ್ತದೆ.

ಮಳೆಯ ಹನಿಗಳಿಂದ 5 ಗಿಗಾಹರ್ಟ್ಸ್‌ಗೆ ಹೇಳಿಕೊಳ್ಳುವಂತಹ ತೊಂದರೆ ಇಲ್ಲ. ಜಡಿಮಳೆಯಲ್ಲೂ ಕಿಲೋಮೀಟರಿಗೆ ಒಂದು ಡೆಸಿಬಲ್ ಕೂಡ ಹೋಗದು. ಹನಿಗಳ ಕಾಟ ಶುರುವಾಗುವುದು 10 ಗಿಗಾಹರ್ಟ್ಸ್ ದಾಟಿದ ಮೇಲೆ. 12ರ ಆಸುಪಾಸಿನ ಡಿಟಿಎಚ್ ಸೋಲುವುದು ಅಲ್ಲಿ. ನಮ್ಮನ್ನು ಕಾಡುವುದು ನೆನೆದ ಸೋಗೆ. ನೀರು ಹಿಡಿದ ಎಲೆ ಈ ಅಲೆಯನ್ನು ಒಣ ಎಲೆಗಿಂತ ಹೆಚ್ಚು ನುಂಗುತ್ತದೆ. ಮರದ ತಲೆ ಅಲೆಯ ದಾರಿಯ ಅಂಚನ್ನು ಸವರುತ್ತಿದ್ದರೆ ಗಾಳಿಗೆ ತಲೆ ಬಾಗಿದಾಗ ಒಂದು ಸಿಗ್ನಲ್, ನಿಂತಾಗ ಇನ್ನೊಂದು. ಅಂಗಡಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಸಿಗ್ನಲ್ಲನ್ನೂ ದರವನ್ನೂ ಬರೆದಿಡುವ ಒಂದು ಪುಟ್ಟ ಪ್ರೋಗ್ರಾಂ ಓಡಿಸಿಟ್ಟಿದ್ದೇನೆ. ಆಷಾಢದ ಗಾಳಿಯಲ್ಲಿ ಮೈನಸ್ 72ಕ್ಕೂ 80ಕ್ಕೂ ನಡುವೆ ಗೆರೆ ಗರಗಸದ ಹಲ್ಲಿನ ಹಾಗೆ ಏರಿಳಿದಿದೆ. ಪೆಟ್ಟಿಗೆಯ ದರದ ಗೆರೆ ಅದರ ಹಿಂದೆಯೇ ಇಳಿದಿದೆ. ಚಿತ್ರ ನಿಂತದ್ದನ್ನು ಹುಡುಕಿದರೂ ಸಿಗಲಿಲ್ಲ.

ಅದು 13ಕ್ಕೆ ಇಳಿದ ಬಗೆಯೂ ನನಗೆ ಹಿಡಿಸಿತು. 13 ಎಂಬಿಪಿಎಸ್‌ಗೆ ಎರಡು ದಾರಿಗಳಿವೆ: ಅಡ್ಡ ಧ್ರುವದಲ್ಲಿ ಒಂದು ಮಾತು, ಲಂಬದಲ್ಲಿ ಇನ್ನೊಂದು ಮಾತು ಎಂದು ಎರಡು ಬೇರೆ ಬೇರೆ ಪ್ರವಾಹಗಳನ್ನು ಅತಿ ನಿಧಾನವಾಗಿ ಕಳಿಸುವುದು, ಇಲ್ಲವೇ ಒಂದೇ ಪ್ರವಾಹವನ್ನು ತುಸು ಚುರುಕಾಗಿ ಕಳಿಸಿ, ಎರಡನೆಯ ಆಂಟೆನಾವನ್ನು ಅದೇ ಮಾತಿಗೆ ಆಸರೆಯಾಗಿ ಬಳಸುವುದು. ಗಾಳಿ ಜೋರಾದಾಗ ಈ ಪೆಟ್ಟಿಗೆ ಎರಡನೆಯದನ್ನೇ ಹಿಡಿಯುತ್ತದೆ. ಅಗ್ಗದ ಪೆಟ್ಟಿಗೆಯಿಂದ ನಾನು ಇಷ್ಟು ಜಾಣತನವನ್ನು ನಿರೀಕ್ಷಿಸಿರಲಿಲ್ಲ.

ಈಗ ದೂರು. ಗಾಳಿ ನಿಂತು, ಸಿಗ್ನಲ್ ಮತ್ತೆ ಮೈನಸ್ 65ಕ್ಕೆ ಬಂದು ನೆಲೆಸಿದ ಮೇಲೂ ದರ ಬಹಳ ಹೊತ್ತು ಕೆಳಗೇ ಕೂತಿರುತ್ತದೆ. ಏರುವ ಧೈರ್ಯವೇ ಇದಕ್ಕೆ ಇಲ್ಲ. ಈ ವಿದ್ಯೆಯ ಹಳೆಯ ಪಾಠಗಳಲ್ಲಿ ಎಆರ್‌ಎಫ್ ಎಂಬ ವಿಧಾನವೊಂದಿದೆ. 1997ರಲ್ಲಿ ವೇವ್‌ಲ್ಯಾನ್ ಎಂಬ ಹಳೆಯ ವೈರ್‌ಲೆಸ್ ಕಾರ್ಡುಗಳಿಗಾಗಿ ಪ್ರಕಟವಾದದ್ದು. ಎರಡು ಕಂತುಗಳಿಗೆ ಸತತವಾಗಿ ಉತ್ತರ ಬರದಿದ್ದರೆ ಒಂದು ಮೆಟ್ಟಿಲು ಇಳಿ, ಹತ್ತು ಸತತವಾಗಿ ಮುಟ್ಟಿದರೆ ಒಂದು ಮೆಟ್ಟಿಲು ಏರಿ ನೋಡು: ಅಷ್ಟೇ ನಿಯಮ. ಸರಳವಾದದ್ದು, ಆದರೆ ಗಾಳಿಯ ತೋಟದಲ್ಲಿ ಏರಿ ಏರಿ ಬೀಳುತ್ತದೆ. ಆಮೇಲೆ ಲಿನಕ್ಸ್ ತಂತ್ರಾಂಶಕ್ಕೆ ಬಂದ ಮಿನ್‌ಸ್ಟ್ರೆಲ್ ಎಂಬ ವಿಧಾನ ಬೇರೆ ಜಾತಿಯದು. ಪ್ರತಿ ದರದಲ್ಲೂ ಎಷ್ಟು ಕಂತು ಮುಟ್ಟಿದವು ಎಂಬ ಲೆಕ್ಕವನ್ನು ಸೆಕೆಂಡಿಗೆ ಹತ್ತು ಸಲ ಹೊಸದು ಮಾಡುತ್ತದೆ. ಹತ್ತರಲ್ಲಿ ಒಂದು ಪಾಲಿನಷ್ಟು ಕಂತುಗಳನ್ನು ಬೇಕೆಂದೇ ಬೇರೆ ದರಗಳಲ್ಲಿ ಕಳಿಸಿ ‘ಈಗ ದಾರಿ ತೆರೆದಿದೆಯೇ’ ಎಂದು ತಡವಿ ನೋಡುತ್ತದೆ. ತಡವುವುದಕ್ಕೆ ಒಂದಿಷ್ಟು ಖರ್ಚು, ಆದರೆ ದಾರಿ ತೆರೆದ ಕ್ಷಣವೇ ಅದಕ್ಕೆ ಗೊತ್ತಾಗುತ್ತದೆ. ನನ್ನ ಪೆಟ್ಟಿಗೆಯ ನಡೆ ನೋಡಿದರೆ ಇಳಿಯುವುದನ್ನು ಚೆನ್ನಾಗಿ ಕಲಿತು, ತಡವುವುದನ್ನು ಜಿಪುಣನ ಕೈಗೆ ಕೊಟ್ಟಂತಿದೆ. ಕ್ಯಾಮೆರಾಗಳಿಗೆ ಇದರಿಂದ ಬಾಧಕವಿಲ್ಲ. ಆದರೆ ಬೆಳಿಗ್ಗೆ ಎದ್ದು ರಾತ್ರಿಯ ದಾಖಲೆಯನ್ನು ತೋಟದ ಹಾರ್ಡ್‌ಡಿಸ್ಕಿನಿಂದ ಮನೆಗೆ ಎಳೆಯಲು ಕೂತರೆ, ಆಕಾಶ ನಿಚ್ಚಳವಾಗಿದ್ದರೂ ಭಾವನವರ ಎರಡನೆಯ ಲೋಟ ಕಾಫಿ ಮುಗಿಯುತ್ತದೆ. ಕಂಪನಿಯವರು ಹೊಸ ತಂತ್ರಾಂಶದಲ್ಲಿ ಇದನ್ನು ಸರಿಮಾಡಿದರೆ ಐದನೆಯ ನಕ್ಷತ್ರ ಕೊಡಲು ನನ್ನ ತಕರಾರಿಲ್ಲ.

ಸಂಜೆಯ ಸಮಸ್ಯೆ ಬೇರೆ. ತೋಟದ ತುದಿ ನಿಶ್ಶಬ್ದ, ಮನೆಯ ತುದಿ ಊರಿನ ನಡುವೆ. ಏಳು ಗಂಟೆಯ ನಂತರ ಸುತ್ತಮುತ್ತಲ ಮನೆಗಳ ವೈಫೈಗಳೆಲ್ಲ ಎಚ್ಚರಗೊಳ್ಳುತ್ತವೆ. 2018ರಲ್ಲಿ ನಮ್ಮ ದೇಶದಲ್ಲಿ 5 ಗಿಗಾಹರ್ಟ್ಸ್‌ನ ಬಹುಭಾಗವನ್ನು ಲೈಸೆನ್ಸಿನಿಂದ ಮುಕ್ತ ಮಾಡಿದ ಮೇಲೆ ನಮ್ಮಂಥವರಿಗೂ ಇದು ದಕ್ಕಿತು, ಪಕ್ಕದ ಮನೆಯವರಿಗೂ ದಕ್ಕಿತು. ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ವೇಗ ಹೊಂದಿಸಿಕೊಳ್ಳುವ ಎಲ್ಲ ಪೆಟ್ಟಿಗೆಗಳ ಮರ್ಮಸ್ಥಾನ ಇಲ್ಲಿದೆ. ಕಂತು ಕಳೆದುಹೋದದ್ದು ಸಿಗ್ನಲ್ ಕ್ಷೀಣಿಸಿದ್ದಕ್ಕೋ, ಬೇರೊಬ್ಬರ ಕಂತಿಗೆ ಡಿಕ್ಕಿ ಹೊಡೆದದ್ದಕ್ಕೋ ಎಂದು ಕಳಿಸಿದವನಿಗೆ ತಿಳಿಯುವುದಿಲ್ಲ. ಉತ್ತರ ಬರಲಿಲ್ಲ, ಅಷ್ಟೇ ಗೊತ್ತು. ಕ್ಷೀಣಿಸಿದ್ದಕ್ಕಾದರೆ ನಿಧಾನಿಸುವುದು ಸರಿಯಾದ ಮದ್ದು. ಡಿಕ್ಕಿಗಾದರೆ ಅದೇ ಮದ್ದು ವಿಷ. 1500 ಬೈಟಿನ ಒಂದು ಕಂತು 130 ಎಂಬಿಪಿಎಸ್‌ನಲ್ಲಿ ಗಾಳಿಯಲ್ಲಿರುವುದು ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಪಾಲಿನ ಆಸುಪಾಸು, 6.5ಕ್ಕೆ ಇಳಿದರೆ ಹತ್ತಿರ ಹತ್ತಿರ ಎರಡು ಮಿಲಿಸೆಕೆಂಡ್. ಅಷ್ಟು ಹೊತ್ತು ಬಯಲಿನಲ್ಲಿ ನಿಂತವನಿಗೆ ಡಿಕ್ಕಿಗಳು ಹೆಚ್ಚುತ್ತವೆ, ಡಿಕ್ಕಿ ಹೆಚ್ಚಿದಷ್ಟೂ ಪೆಟ್ಟಿಗೆ ಇನ್ನೂ ಇಳಿಯುತ್ತದೆ. ಮೊದಲ ವಾರಗಳಲ್ಲಿ ನಮ್ಮ ಸಂಜೆಗಳು ಹೀಗೆಯೇ ಹಾಳಾದವು. ಸಿಗ್ನಲ್ ಗಟ್ಟಿಯಾಗಿದೆ, ಗಾಳಿಯಿಲ್ಲ, ಆದರೂ ದರ ನೆಲಕಚ್ಚಿದೆ.

ಮದ್ದು ಎರಡು ಕ್ಲಿಕ್ಕಿನದ್ದು. ಹುಡುಗ 40 ಮೆಗಾಹರ್ಟ್ಸ್ ಅಗಲ ಇಟ್ಟು ಹೋಗಿದ್ದ. ಕಾರ್ಟನ್ನಿನ 300 ಬರುವುದು ಆ ಅಗಲದಲ್ಲಿ ಮಾತ್ರ. ಅದನ್ನು 20ಕ್ಕೆ ಇಳಿಸಿದೆ. ಅಗಲ ಅರ್ಧವಾದರೆ ಒಳನುಗ್ಗುವ ಗದ್ದಲವೂ ಅರ್ಧ, 3 ಡೆಸಿಬಲ್ ಲಾಭ. ನೆರೆಯವರ ಚಾನೆಲ್‌ಗಳನ್ನು ತಪ್ಪಿಸಿ ಕೂರಲು ಜಾಗವೂ ಸಿಗುತ್ತದೆ. ಪೆಟ್ಟಿಗೆಯಲ್ಲೇ ಇರುವ ಸ್ಪೆಕ್ಟ್ರಮ್ ನೋಟವನ್ನು ಸಂಜೆಯ ಹೊತ್ತಿಗೇ ಓಡಿಸಿ ಖಾಲಿ ಇರುವ ಚಾನೆಲ್ ಆರಿಸಿಕೊಂಡೆ. ಬೆಳಿಗ್ಗೆ ನೋಡಿದರೆ ಎಲ್ಲವೂ ಖಾಲಿಯೇ ಕಾಣುತ್ತವೆ, ಆ ನೋಟಕ್ಕೆ ಬೆಲೆಯಿಲ್ಲ. ತುದಿಯ ದರ 130ಕ್ಕೆ ಇಳಿಯಿತು, ಕೈಗೆ ಸಿಗುವ ವೇಗ ಒಳ್ಳೆಯ ಹವೆಯಲ್ಲಿ ಎಂಬತ್ತರ ಆಸುಪಾಸು. ಎಂಟು ಬೇಕಿದ್ದವರಿಗೆ ಎಂಬತ್ತು ಯಾವ ಲೆಕ್ಕ.

ಅಂಗಡಿಯವರ ಸಲಹೆ ಬೇರೆಯೇ ಇತ್ತು. ಸಂಜೆಯ ದೂರನ್ನು ಫೋನಿನಲ್ಲಿ ಹೇಳಿದಾಗ, ‘ಪವರ್ ಪೂರ್ತಿ ಏರಿಸಿ, ದರವನ್ನು ಮೇಲಿನದಕ್ಕೇ ಲಾಕ್ ಮಾಡಿ ಸರ್, ಬೀಳುವುದೇ ಇಲ್ಲ’ ಎಂದರು. ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ದರ ಲಾಕ್ ಮಾಡಿದರೆ ಪುಟದ ಮೇಲಿನ ಅಂಕಿ ಬೀಳುವುದಿಲ್ಲ, ನಿಜ. ಗಾಳಿ ಬಂದಾಗ ಕಂತುಗಳು ಬೀಳುತ್ತವೆ. ಇಳಿಯಲು ಅವಕಾಶವಿಲ್ಲದ ಪೆಟ್ಟಿಗೆ ಅದೇ ವೇಗದಲ್ಲಿ ಮತ್ತೆ ಮತ್ತೆ ಕಳಿಸಿ, ಕೊನೆಗೆ ಆ ಕಂತನ್ನೇ ಕೈಬಿಡುತ್ತದೆ. ಪವರ್ ಏರಿಸುವುದರಲ್ಲೂ ಗುಟ್ಟಿದೆ. ಪೆಟ್ಟಿಗೆಯ ವಿವರಪತ್ರ ತೆರೆದು ನೋಡಿ: ಕೆಳಗಿನ ದರಗಳಿಗೆ ಬರೆದ ಶಕ್ತಿಗಿಂತ ಮೇಲಿನ ದರಗಳಿಗೆ ಬರೆದದ್ದು ಕೆಲವು ಡೆಸಿಬಲ್ ಕಡಿಮೆ ಇರುತ್ತದೆ. ಆ 64 ಆಕಾರಗಳನ್ನು ಸೊಟ್ಟಗಾಗದಂತೆ ವರ್ಧಿಸಬೇಕಾದರೆ ವರ್ಧಕವನ್ನು ಮಿತಿಯೊಳಗೆ ಓಡಿಸಬೇಕು. ಪೂರ್ತಿ ತಿರುಗಿಸಿದರೆ ದನಿ ದೊಡ್ಡದಾಗುತ್ತದೆ, ಉಚ್ಚಾರಣೆ ಕೆಡುತ್ತದೆ. ಜೊತೆಗೆ ನೆರೆಯವರ ವೈಫೈ ಮೇಲೂ ಗದ್ದಲ ಸುರಿಯುತ್ತದೆ. ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲೇ ಲೆಕ್ಕ ಹಾಕಿಟ್ಟಿದ್ದಾರೆ: ಒಂದು ದಾರಿಯಲ್ಲಿ ಎಷ್ಟು ಮಾತು ಹೋಗಬಲ್ಲದು ಎಂಬುದನ್ನು ಅದರ ಅಗಲ ಮತ್ತು ಗದ್ದಲಕ್ಕೆ ಹೋಲಿಸಿದ ಸಿಗ್ನಲ್, ಇವೆರಡೇ ನಿರ್ಧರಿಸುತ್ತವೆ. 20 ಮೆಗಾಹರ್ಟ್ಸ್ ಅಗಲ, ಗದ್ದಲಕ್ಕಿಂತ ಹತ್ತು ಡೆಸಿಬಲ್ ಮೇಲೆ ಸಿಗ್ನಲ್ ಎಂದಾದರೆ ಒಂದು ಪ್ರವಾಹದ ಮಿತಿ 70ರ ಹತ್ತಿರ, ಅದೂ ಕಾಗದದ ಮೇಲೆ. ಪಿ.ಬಿ. ರಸ್ತೆಯಿಂದ ಫೋನಿನಲ್ಲಿ ಹೇಳಿದ್ದಕ್ಕೆ ಆ ಮಿತಿ ಸರಿದು ನಿಲ್ಲುವುದಿಲ್ಲ.

ನಾನು ಮಾಡಿದ್ದು ಇದಕ್ಕೆ ತಿರುಗುಮುರುಗು. ಪೆಟ್ಟಿಗೆಯಲ್ಲಿ ಗರಿಷ್ಠ ದರ ಎಂಬ ಖಾನೆಯಿದೆ. ಅದನ್ನು ಎಂಸಿಎಸ್ 11ಕ್ಕೆ, ಅಂದರೆ 52 ಎಂಬಿಪಿಎಸ್‌ಗೆ ನಿಲ್ಲಿಸಿ, ಕೆಳಗೆ ಹೊಂದಿಸಿಕೊಳ್ಳುವ ಸ್ವಾತಂತ್ರ್ಯವನ್ನು ಅದಕ್ಕೇ ಬಿಟ್ಟೆ. ಮಳೆಗಾಲದಲ್ಲಿ 130 ಹಿಡಿಯಲು ಹೋಗಿ ಮುಗ್ಗರಿಸುವ ಅದರ ಹವ್ಯಾಸ ನಿಂತಿತು. ಕಂತುಗಳನ್ನು ಮತ್ತೆ ಮತ್ತೆ ಕಳಿಸುವುದು ಕಡಿಮೆಯಾಯಿತು. ಕ್ಯಾಮೆರಾದ ಚಿತ್ರ ಮೊಬೈಲಿಗೆ ಬರುವ ತಡವೂ ಒಂದೇ ಸಮನಾಯಿತು. ಬೇಸಿಗೆಯಲ್ಲಿ ಈ ಮಿತಿಯನ್ನು ತೆಗೆಯುತ್ತೇನೆ. ಮಳೆಗಾಲದ ದರ, ಬೇಸಿಗೆಯ ದರ ಎಂದು ಭಾವನವರು ನಗುತ್ತಾರೆ. ಅವರ ಅಡಿಕೆಗೆ ಎರಡು ಧಾರಣೆ ಇರಬಹುದಾದರೆ ನನ್ನ ಪೆಟ್ಟಿಗೆಗೆ ಏಕಿರಬಾರದು?

ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಹವೆಗೆ ಪೆಟ್ಟಿಗೆ ಗಟ್ಟಿ. ಒಂದು ಬೇಸಿಗೆ, ಒಂದು ಮಳೆಗಾಲ ಕಂಡರೂ ರಬ್ಬರ್ ಮುಚ್ಚಳದೊಳಗೆ ನೀರು ಇಳಿದಿಲ್ಲ. ಕಂಬಕ್ಕೆ ಬಿಗಿಯಲು ಕೊಟ್ಟ ಪ್ಲಾಸ್ಟಿಕ್ ಪಟ್ಟಿ ಮಾತ್ರ ನಗೆಪಾಟಲು. ಸ್ಟೀಲ್ ಕ್ಲಾಂಪ್ ತಂದು ಬಿಗಿಯಿರಿ, ಪೆಟ್ಟಿಗೆ ಒಂದಿಷ್ಟು ವಾಲಿದರೂ ಡೆಸಿಬಲ್‌ಗಳು ಸೋರಿಹೋಗುತ್ತವೆ. ಪುಟದ ಮೇಲೆ ಆ ಕ್ಷಣದ ಅಂಕಿಗಳನ್ನಷ್ಟೇ ತೋರಿಸುತ್ತದೆ, ನಿನ್ನೆ ರಾತ್ರಿ ಏನಾಯಿತು ಎಂಬ ದಾಖಲೆ ಇಟ್ಟುಕೊಳ್ಳುವುದಿಲ್ಲ. ಇದು ನನಗೆ ದೊಡ್ಡ ಕೊರತೆ, ಹೆಚ್ಚಿನವರಿಗೆ ಅಲ್ಲ. ತೋಟದ ಕಡೆ ವಿದ್ಯುತ್ತಿನ ಭರವಸೆ ಇಲ್ಲದ್ದರಿಂದ ಬ್ಯಾಟರಿ ಮತ್ತು 24 ವೋಲ್ಟಿಗೆ ಏರಿಸುವ ಪರಿವರ್ತಕ ಹಾಕಿದ್ದೇವೆ. ಪೆಟ್ಟಿಗೆ ಕುಡಿಯುವ ವಿದ್ಯುತ್ತು ಬಹಳ ಕಡಿಮೆ. ಜಿಐ ಪೈಪಿಗೆ ಅರ್ಥಿಂಗ್ ಮಾಡದೆ ಇದನ್ನು ಕಟ್ಟಲೇಬಾರದು. ತೋಟದ ನಡುವೆ ಎತ್ತರಕ್ಕೆ ನಿಂತ ಕಬ್ಬಿಣದ ಪೈಪು ಸಿಡಿಲಿಗೆ ಕೊಟ್ಟ ಆಹ್ವಾನಪತ್ರಿಕೆ. ಅಂಗಡಿಯವರು ಸಲಹೆಯಲ್ಲಿ ಕಚ್ಚಾ ಇದ್ದರೂ ವ್ಯವಹಾರದಲ್ಲಿ ಚೊಕ್ಕ: ಒಂದು ಅಡಾಪ್ಟರ್ ಕೈಕೊಟ್ಟಾಗ ಮರುಮಾತಿಲ್ಲದೆ ಬದಲಿಸಿ ಕೊಟ್ಟರು.

ಯಾರಿಗೆ ಬೇಡ ಎಂದೂ ಹೇಳಬೇಕು. ನಡುವೆ ಬೆಳೆದ ತೋಪು ಪೂರ್ತಿ ಅಡ್ಡ ನಿಂತಿದ್ದರೆ ಈ ಪೆಟ್ಟಿಗೆಯಿಂದ ಏನೂ ಆಗದು. ವೇಗ ಎಷ್ಟೇ ಇಳಿಸಿದರೂ ಇಳಿಯಲು ಒಂದು ತಳವಿದೆ, ಅದರ ಕೆಳಗೆ ಸಿಗ್ನಲ್ ಹೋದರೆ ಮಾತು ನಿಂತಂತೆಯೇ. ಕ್ಯಾಮೆರಾ ಬೇಡ, ಮೋಟಾರ್ ಓಡುತ್ತಿದೆಯೇ ಇಲ್ಲವೇ ಎಂದಷ್ಟೇ ತಿಳಿಯಬೇಕು ಎನ್ನುವವರು 865 ಮೆಗಾಹರ್ಟ್ಸ್‌ನ ಲೋರಾ ಎಂಬ ನಿಧಾನಗತಿಯ ರೇಡಿಯೋ ಬೋರ್ಡುಗಳನ್ನು ನೋಡಲಿ. ಅಲ್ಲೂ ಇದೇ ವಿದ್ಯೆ: ಹರಡುವಿಕೆಯ ಅಂಶ ಎಂಬ ಸೆಟ್ಟಿಂಗನ್ನು 7 ರಿಂದ 12ರವರೆಗೆ ಏರಿಸಿದಂತೆ ವೇಗ ಕುಗ್ಗಿ ದೂರ ಹಿಗ್ಗುತ್ತದೆ, ಮರಗಳ ಎಲೆಗೂ ಅದು ಅಷ್ಟಾಗಿ ಅಂಜುವುದಿಲ್ಲ. ಚಿತ್ರ ಕಳಿಸುವ ಮಾತು ಮಾತ್ರ ಅದರ ಹತ್ತಿರ ಎತ್ತಬಾರದು.

ಕೊಂಡವರು ಕ್ಯಾಮೆರಾದ ಕಡೆಯನ್ನೂ ಮರೆಯದಿರಲಿ. ಪೆಟ್ಟಿಗೆ ವೇಗ ಇಳಿಸಬಲ್ಲದು, ಕ್ಯಾಮೆರಾಗೆ ಅದರ ಸುಳಿವು ಸಿಗುವುದಿಲ್ಲ. ಅದು ತನ್ನ ಪಾಡಿಗೆ ತುಂಬಿ ತುಳುಕಿಸುತ್ತಲೇ ಇರುತ್ತದೆ. ಚಿತ್ರವನ್ನು ಹೆಚ್ಚು ಕುಗ್ಗಿಸಿ ಕಳಿಸುವ ಎಚ್.265 ವಿಧಾನವನ್ನು ಆರಿಸಿ, ಬಿಟ್‌ದರಕ್ಕೆ ಮಿತಿ ಹಾಕಿ. ನಾವು ಒಂದೊಂದಕ್ಕೆ 2 ಎಂಬಿಪಿಎಸ್ ಇಟ್ಟಿದ್ದೇವೆ, ಮೊದಲು ಬೇಡುತ್ತಿದ್ದುದರ ಅರ್ಧದಷ್ಟು. ರಾತ್ರಿ ಮಳೆ ಬಂದಾಗ ಅವಕೆಂಪು ದೀಪದ ಬೆಳಕಿನಲ್ಲಿ ಹನಿಗಳೆಲ್ಲ ಹೊಳೆದು ಚಿತ್ರದ ತುಂಬ ಚಲನೆಯೇ ಆಗುತ್ತದೆ. ಮಿತಿ ಇಲ್ಲದಿದ್ದರೆ ಕ್ಯಾಮೆರಾ ಅತಿ ಹೆಚ್ಚು ಕಳಿಸುವುದು ಆಗಲೇ, ಪೆಟ್ಟಿಗೆ ಅತಿ ಕಡಿಮೆ ಹೊರಬಲ್ಲದ್ದೂ ಆಗಲೇ. ಕಾವಲಿಗೆ ಕ್ಯಾಮೆರಾ ತುಂಬ ಬೇಕಾಗಿರುವುದೂ ಅದೇ ಹೊತ್ತಿಗೆ.